ಹೊನ್ನು, ಹಣ, ವರಹ, ಪಗೋಡ: ಚಿನ್ನದ ನಾಣ್ಯಗಳ ಹೆಸರುಗಳು ನಡೆದ ದಾರಿ

ಸಾರಾಂಶ

ಕನ್ನಡನಾಡಿನ ಚಿನ್ನದ ನಾಣ್ಯಗಳಿಗೆ ಕನ್ನಡ, ಮರಾಠಿ, ಪರ್ಷಿಯನ್, ಪೋರ್ಚುಗೀಸ್ ಹಾಗೂ ಇಂಗ್ಲಿಷ್ ಬರಹಗಳಲ್ಲಿ ದೊರೆಯುವ ಹೆಸರುಗಳನ್ನು ಈ ಲೇಖನ ಭಾಷಾಚರಿತ್ರೆಯ ಸಾಕ್ಷ್ಯಗಳಾಗಿ ಪರಿಶೀಲಿಸುತ್ತದೆ. ಕೆಳದಿ ಅರಸರ ‘ಇಕ್ಕೇರಿ ವರಹ’ ಇಲ್ಲಿನ ಮುಖ್ಯ ನಿದರ್ಶನ. ಲೇಖನದ ಪ್ರತಿಪಾದನೆ ಎರಡು. ಮೊದಲನೆಯದು: ಪರಭಾಷೆಗಳು ಎರವಲು ಪಡೆದ ರೂಪಗಳು ಕನ್ನಡದ ಪಕಾರ–ಹಕಾರ ಪಲ್ಲಟಕ್ಕೆ ಹೊರಗಿನ ಸಾಕ್ಷ್ಯ ಒದಗಿಸುವುದರ ಜೊತೆಗೆ, ಪದವು ಯಾವ ದಾರಿಯಲ್ಲಿ ಸಾಗಿತೆಂಬುದನ್ನೂ ತಿಳಿಸುತ್ತವೆ. ಎರಡನೆಯದು: ನಾಣ್ಯದ ಹೆಸರು ತನ್ನ ಹುಟ್ಟಿನ ಕಾರಣದಿಂದ ಬಿಡುಗಡೆಗೊಂಡು ಲೆಕ್ಕದ ಮಾನವಾದಾಗ ಮಾತ್ರ ದೀರ್ಘಕಾಲ ಬಾಳುತ್ತದೆ.

ಕೀಲಿಪದಗಳು: ಎರವಲು ಪದ, ಪಕಾರ–ಹಕಾರ ಪಲ್ಲಟ, ಲಕ್ಷಣೆ, ಗದ್ಯಾಣ, ವರಹ, ಹೊನ್ನು, ಹಣ, ಪಗೋಡ, ಕೆಳದಿ

1. ಪ್ರವೇಶ

ಈಗಿನ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಕೆಳದಿ ಸಂಸ್ಥಾನದ ಒಳನಾಡು. ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ; ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ; ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದೆ. ಅರಳಸುರಳಿಯ ಆಸುಪಾಸಿನ ಮಲೆನಾಡೂ ಇದೇ ಆಡಳಿತಕ್ಕೆ ಒಳಪಟ್ಟಿತ್ತು. ಘಟ್ಟದ ಮೇಲಿನ ಮೆಣಸು ಮತ್ತು ಕರಾವಳಿಯ ಅಕ್ಕಿ ಹೊನ್ನಾವರ, ಬಸರೂರು, ಮಂಗಳೂರುಗಳ ಮೂಲಕ ಹೊರದೇಶಗಳಿಗೆ ಹೋಗುತ್ತಿದ್ದವು. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಅವುಗಳಿಗಾಗಿ ಕೆಳದಿ ಅರಸರೊಡನೆ ಒಪ್ಪಂದಗಳನ್ನು ಮಾಡಿಕೊಂಡರು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ವೆಂಕಟಪ್ಪ ನಾಯಕನ ಆಸ್ಥಾನವನ್ನು ವಿವರವಾಗಿ ಬಣ್ಣಿಸಿದ್ದಾನೆ.

ಈ ವ್ಯಾಪಾರದಲ್ಲಿ ಕೈ ಬದಲಾದ ಚಿನ್ನದ ನಾಣ್ಯದ ತೂಕ ಸುಮಾರು 3.4 ಗ್ರಾಂ. ಕನ್ನಡದ ಕಾಗದಪತ್ರಗಳಲ್ಲಿ ಅದು ‘ವರಹ’; ಪರ್ಷಿಯನ್ ಬರಹಗಳಲ್ಲಿ ‘ಹೂನ್’; ಮರಾಠಿಯಲ್ಲಿ ‘ಹೋನ್’; ಪೋರ್ಚುಗೀಸರಲ್ಲಿ ಮೊದಲು ‘ಪರ್ದಾವ್’, ಬಳಿಕ ‘ಪಗೋದೆ’; ಇಂಗ್ಲಿಷರಲ್ಲಿ ‘ಪಗೋಡ’. ಅದರ ಹತ್ತನೆಯ ಒಂದು ಭಾಗದ ಬೆಲೆಯ ಪುಟ್ಟ ಚಿನ್ನದ ನಾಣ್ಯ ಕನ್ನಡದಲ್ಲಿ ‘ಹಣ’, ಯುರೋಪಿಯನ್ನರ ದಾಖಲೆಗಳಲ್ಲಿ ‘ಫನಂ’. ನಾಣ್ಯಶಾಸ್ತ್ರಜ್ಞರಿಗೆ ಇವು ಸಮೀಕರಣದ ಸಂಗತಿಗಳು: ಯಾವ ಹೆಸರು ಯಾವ ನಾಣ್ಯಕ್ಕೆ ಸಮ ಎಂದು ಗೊತ್ತಾದರೆ ಅವರ ಕೆಲಸ ಬಹುಮಟ್ಟಿಗೆ ಮುಗಿಯಿತು. ಭಾಷಾಶಾಸ್ತ್ರದ ಪ್ರಶ್ನೆ ಅಲ್ಲಿಂದ ಮುಂದಿನದು. ಒಂದೇ ವಸ್ತುವಿಗೆ ಈ ಭಾಷೆಯಲ್ಲಿ ಈ ರೂಪವೇ ಏಕೆ ನಿಂತಿತು? ಆ ರೂಪ ಯಾವ ಕಾಲದ, ಯಾವ ಭಾಷಿಕರ ಉಚ್ಚಾರಣೆಯನ್ನು ಉಳಿಸಿಕೊಂಡಿದೆ? ಇದು ಕೇವಲ ಕುತೂಹಲದ ಮಾತಲ್ಲ. ಹಳೆಯ ಕಡತ ಅಥವಾ ಶಾಸನದಲ್ಲಿ ಬರುವ ‘ಹೊನ್ನು’ ಪೂರ್ಣ ವರಹವೋ ಅರ್ಧ ವರಹವೋ ಎಂಬ ಒಂದು ನಿರ್ಣಯದ ಮೇಲೆ ದತ್ತಿಯ, ಕಂದಾಯದ ಮೊತ್ತ ಇಮ್ಮಡಿಯಾಗುತ್ತದೆ ಅಥವಾ ಅರ್ಧಕ್ಕಿಳಿಯುತ್ತದೆ.

2. ಹೆಸರಿಡುವ ನಾಲ್ಕು ಬಗೆಗಳು

ಚಿನ್ನದ ನಾಣ್ಯಗಳ ಹೆಸರುಗಳನ್ನು ಅವುಗಳ ಹುಟ್ಟಿನ ಕಾರಣ ಹಿಡಿದು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ದ್ರವ್ಯಮೂಲ. ‘ಪೊನ್’ ಅಥವಾ ‘ಹೊನ್ನು’ ಎಂದರೆ ಲೋಹ. ಆ ಲೋಹದಿಂದ ಮಾಡಿದ ನಾಣ್ಯಕ್ಕೂ ಅದೇ ಹೆಸರು. ಎರಡನೆಯದು ಮಾನಮೂಲ. ‘ಗದ್ಯಾಣ’ ಮೂಲತಃ ತೂಕದ ಹೆಸರು. ಆ ತೂಕದ ನಾಣ್ಯವೂ ಗದ್ಯಾಣವಾಯಿತು. ಹಣದ ಹದಿನಾರನೆಯ ಒಂದು ಭಾಗವಾದ ‘ವೀಸ’ವೂ ಇದೇ ವರ್ಗಕ್ಕೆ ಸೇರುತ್ತದೆ. ಮೂರನೆಯದು ಚಿತ್ರಮೂಲ. ಚಾಲುಕ್ಯರ ಹಾಗೂ ವಿಜಯನಗರದ ಲಾಂಛನವಾದ ವರಾಹದಿಂದ ‘ವರಹ’ ಬಂದಿತು. ನಾಲ್ಕನೆಯದು ಸ್ಥಳಮೂಲ ಅಥವಾ ಪ್ರಭುಮೂಲ. ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಕಮ್ಮಟದಲ್ಲಿ ಅಚ್ಚಾದದ್ದು ‘ಲೊಕ್ಕಿ ಗದ್ಯಾಣ’, ಕರಾವಳಿಯ ಶಾಸನಗಳಲ್ಲಿ ‘ಬಾರಕೂರ ಗದ್ಯಾಣ’, ‘ಮಂಗಳೂರ ಗದ್ಯಾಣ’ಗಳಿವೆ, ಮೈಸೂರಿನ ಕಂಠೀರವ ನರಸರಾಜ ಒಡೆಯರು (ಆಳ್ವಿಕೆ 1638–1659) ಹೊರಡಿಸಿದ್ದು ‘ಕಂಠೀರಾಯಿ ಹಣ’.

ಯುರೋಪಿನ ಚಿನ್ನದ ನಾಣ್ಯಗಳೂ ಈ ವಿಂಗಡಣೆಗೆ ಒಗ್ಗುತ್ತವೆ. ಫ್ಲಾರೆನ್ಸ್ ನಗರ 1252ರಲ್ಲಿ ಅಚ್ಚು ಹಾಕಿದ ‘ಫಿಯೊರಿನೊ’ ಅದರ ಮೇಲಿದ್ದ ಲಿಲಿ ಹೂವಿನಿಂದ ಹೆಸರು ಪಡೆಯಿತು. ಹೂವು ಆ ನಗರದ ಲಾಂಛನವೇ ಆಗಿದ್ದುದರಿಂದ ಇಲ್ಲಿ ಚಿತ್ರಮೂಲ ಮತ್ತು ಸ್ಥಳಮೂಲಗಳು ಬೆರೆತಿವೆ. ವೆನಿಸ್ 1284ರಲ್ಲಿ ಆರಂಭಿಸಿದ ಚಿನ್ನದ ‘ಡುಕಾಟ್’, ಡ್ಯೂಕನ ಪ್ರಭುತ್ವವೆಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು, ಇದು ಪ್ರಭುಮೂಲ. ಅದೇ ನಾಣ್ಯಕ್ಕೆ ಮುಂದೆ ‘ಜೆಕ್ಕಿನೊ’ ಎಂಬ ಇನ್ನೊಂದು ಹೆಸರು ಬಂತು. ವೆನಿಸಿನ ಟಂಕಸಾಲೆಯ ಹೆಸರು ‘ಜೆಕ್ಕ’. ಅದು ಅರಬ್ಬಿಯ ‘ಸಿಕ್ಕ’ ಪದದ ಇಟಾಲಿಯನ್ ರೂಪ. ಮುದ್ರೆ ಎಂಬ ಅರ್ಥದಲ್ಲಿ ಕನ್ನಡಕ್ಕೂ ‘ಸಿಕ್ಕಾ’ ಬಂದಿದೆ. ಒಂದೇ ಅರಬ್ಬಿ ಪದ ಪಡುವಣಕ್ಕೆ ಹೋಗಿ ನಾಣ್ಯದ ಹೆಸರಾಯಿತು, ಮೂಡಣಕ್ಕೆ ಬಂದು ಮುದ್ರೆಯ ಹೆಸರಾಗಿ ಉಳಿಯಿತು.

ಕನ್ನಡ ಶಾಸನಗಳಲ್ಲಿ ಈ ನಾಲ್ಕು ಬಗೆಗಳು ಒಂದೇ ಪದಪುಂಜದಲ್ಲಿ ಕೂಡಿಬರುವುದುಂಟು. ‘ವರಹ ಗದ್ಯಾಣ’ ಎಂಬಲ್ಲಿ ಗದ್ಯಾಣವು ಉತ್ತರಪದ, ಅಂದರೆ ಮಾನಸೂಚಕ ಪ್ರಧಾನಪದ. ವರಹವು ಅದರ ಬಗೆಯನ್ನು ಹೇಳುವ ವಿಶೇಷಣ. ಕಾಲಕ್ರಮದಲ್ಲಿ ಪ್ರಧಾನಪದ ಲೋಪವಾಗಿ ವಿಶೇಷಣವೇ ನಾಮಪದವಾಯಿತು. ಆಮೇಲೆ ಆ ‘ವರಹ’ವೇ ಪ್ರಧಾನಸ್ಥಾನಕ್ಕೇರಿ ‘ಇಕ್ಕೇರಿ’ ಎಂಬ ಹೊಸ ವಿಶೇಷಣವನ್ನು ಸ್ವೀಕರಿಸಿತು. ‘ಲೊಕ್ಕಿ ಗದ್ಯಾಣ’ದಿಂದ ‘ಇಕ್ಕೇರಿ ವರಹ’ದವರೆಗಿನ ನಡೆ ರಾಜಕೀಯ ಚರಿತ್ರೆಯಷ್ಟೇ ಅಲ್ಲ, ಸಮಾಸದ ಒಳಗೆ ನಡೆದ ಸ್ಥಾನಪಲ್ಲಟವೂ ಹೌದು.

3. ಪಕಾರ, ಹಕಾರ ಮತ್ತು ನಾಣ್ಯಗಳು

ಪದಾದಿಯ ಪಕಾರ ಹಕಾರವಾಗುವುದು ಹಳಗನ್ನಡದಿಂದ ನಡುಗನ್ನಡಕ್ಕೆ ಸಾಗುವ ಹಾದಿಯ ಪ್ರಸಿದ್ಧ ಧ್ವನಿಪಲ್ಲಟ. ನಾಣ್ಯಗಳ ಹೆಸರುಗಳು ಇದಕ್ಕೆ ಅಚ್ಚುಕಟ್ಟಾದ ಉದಾಹರಣೆಗಳು. ಪೊನ್–ಹೊನ್ನು, ಪಣ–ಹಣ, ಪಾಗ–ಹಾಗ ಎಂಬ ಮೂರು ಜೋಡಿಗಳೂ ಒಂದೇ ನಿಯಮಕ್ಕೆ ಒಳಪಟ್ಟಿವೆ. ತಮಿಳು ಮತ್ತು ಮಲಯಾಳಂಗಳು ‘ಪೊನ್’, ‘ಪಣಂ’ ಎಂದು ಪಕಾರವನ್ನು ಇಂದಿಗೂ ಉಳಿಸಿಕೊಂಡಿವೆ. ತುಳುವಿನಲ್ಲಿ ‘ಪಣವು’ ಇದೆ.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಒಂದು, ‘ಪಣ’ ಎಂಬ ಸಂಸ್ಕೃತ ಪದ ಕನ್ನಡದಲ್ಲಿ ಎರಡು ರೂಪಗಳಲ್ಲಿ ಬದುಕಿದೆ. ನಾಣ್ಯವಾಗಿ ಬಳಕೆಯ ಮಾತಿನೊಳಗೆ ಬೆರೆತ ರೂಪ ಪಲ್ಲಟಕ್ಕೆ ಒಳಗಾಗಿ ‘ಹಣ’ವಾಯಿತು, ಒತ್ತೆ, ಪ್ರತಿಜ್ಞೆ ಎಂಬ ಅರ್ಥದ ರೂಪ ತತ್ಸಮವಾಗಿಯೇ ಉಳಿದು ‘ಪಣ ತೊಡು’, ‘ಪಣಕ್ಕಿಡು’ ಎಂಬ ಬಳಕೆಗಳಲ್ಲಿದೆ. ಹಣವನ್ನು ಪಣಕ್ಕಿಡುವಾತ ಒಂದೇ ಪದವನ್ನು ಎರಡು ಸಲ ಉಚ್ಚರಿಸುತ್ತಿದ್ದಾನೆಂಬ ಅರಿವು ಭಾಷಿಕರಿಗಿಲ್ಲ. ಅರ್ಥ ಬೇರ್ಪಟ್ಟಾಗ ರೂಪವೂ ಬೇರ್ಪಟ್ಟು, ಮೂಲದ ನಂಟು ಮರೆತುಹೋಗಿದೆ.

ಎರಡು, ಪಲ್ಲಟ ಪದಾದಿಗೆ ಸೀಮಿತವಾದುದರಿಂದ ಲೆಕ್ಕದ ಮಾತಿನಲ್ಲಿ ಹಳೆಯ ಪಕಾರ ಅಡಗಿ ಉಳಿದಿದೆ. ಹಣದ ಕಾಲು ಭಾಗ ‘ಹಾಗ’. ಆದರೆ ಮೂರು ಹಾಗಗಳು ಸೇರಿದರೆ ‘ಮುಪ್ಪಾಗ’. ಬಿಡಿಯಾಗಿ ನಿಂತಾಗ ಪಕಾರ ಸಡಿಲಗೊಂಡು ಹಕಾರವಾಯಿತು. ಸಮಾಸದ ಒಳಗೆ ದ್ವಿತ್ವವಾಗಿದ್ದಾಗ ಗಟ್ಟಿಯಾಗಿ ನಿಂತಿತು. ‘ಹತ್ತು’ ಮತ್ತು ‘ಇಪ್ಪತ್ತು’ಗಳ ಸಂಬಂಧ ಇಂಥದೇ. ಸಂಖ್ಯಾವಾಚಕಗಳಲ್ಲಿ ನಾವು ತರಗತಿಯಲ್ಲಿ ಕಲಿಸುವ ನಿಯಮವೇ ಚಿನಿವಾರರ ಲೆಕ್ಕದಲ್ಲಿಯೂ ಕೆಲಸ ಮಾಡಿದೆ.

4. ಭೂಮಾರ್ಗದ ‘ಹೋನ್’, ಜಲಮಾರ್ಗದ ‘ಫನಂ’

ಕನ್ನಡದೊಳಗಿನ ಪಲ್ಲಟಕ್ಕೆ ಶಾಸನಗಳೇ ಸಾಕ್ಷಿ. ಆದರೆ ಶಾಸನದ ಕಾಗುಣಿತ ಸಂಪ್ರದಾಯಬದ್ಧ. ಮಾತಿನಲ್ಲಿ ಹಕಾರ ಬಂದ ಮೇಲೂ ಬರಹದಲ್ಲಿ ಪಕಾರ ಮುಂದುವರಿಯಬಹುದು. ಆದ್ದರಿಂದ ಕನ್ನಡದ ಬರವಣಿಗೆಯ ರೂಢಿಗೆ ಕಟ್ಟುಬೀಳದ ಹೊರಗಿನವರ ಬರಹಗಳಿಗೆ ವಿಶೇಷ ಬೆಲೆಯಿದೆ. ಅವರು ಕಿವಿಗೆ ಬಿದ್ದುದನ್ನು ಬರೆದವರು.

14ನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತ ಹೊನ್ನಾವರವನ್ನು ಅರಬ್ಬಿಯಲ್ಲಿ ಹಕಾರದಿಂದಲೇ ‘ಹಿನವ್ರ್’ ಎಂದು ದಾಖಲಿಸುತ್ತಾನೆ. ಅರಬ್ಬಿಯಲ್ಲಿ ಪಕಾರವಿಲ್ಲ, ಪಕಾರ ಕೇಳಿಸಿದ್ದರೆ ಅದು ಬಕಾರವಾಗಿಯೋ ಫಕಾರವಾಗಿಯೋ ಬರಹಕ್ಕಿಳಿಯುತ್ತಿತ್ತು. ಹಕಾರ ಬಂದಿರುವುದು ಆ ಕಾಲಕ್ಕೆ ಅಲ್ಲಿನ ಮಾತಿನಲ್ಲಿ ಹಕಾರ ನೆಲೆಗೊಂಡಿತ್ತೆಂಬುದರ ಸೂಚನೆ. ಮುಂದೆ ಪೋರ್ಚುಗೀಸರು ಅದೇ ಊರನ್ನು ‘ಓನೋರ್’ ಎಂದರು. ಅವರ ಭಾಷೆಯಲ್ಲಿ ಹಕಾರ ಉಚ್ಚಾರವಾಗದೆ ಲೋಪವಾಗುತ್ತದೆ, ಪಕಾರವಿದ್ದಿದ್ದರೆ ಉಳಿಯುತ್ತಿತ್ತು. ಹೀಗೆ ಅರಬ್ಬಿಯ ಹಕಾರವೂ ಪೋರ್ಚುಗೀಸಿನ ಲೋಪವೂ ಒಂದೇ ಸಂಗತಿಯನ್ನು ಎರಡು ದಿಕ್ಕಿನಿಂದ ಸಮರ್ಥಿಸುತ್ತವೆ.

ನಾಣ್ಯದ ‘ಹೊನ್ನು’ ಬಡಗಣದ ನೆರೆಯವರಿಗೆ ಹೋದದ್ದು ಈ ಹಕಾರದ ರೂಪದಲ್ಲಿಯೇ. 17ನೆಯ ಶತಮಾನದ ಆರಂಭದಲ್ಲಿ ಬಿಜಾಪುರದಲ್ಲಿ ಕುಳಿತು ದಖ್ಖನಿನ ಚರಿತ್ರೆ ಬರೆದ ಫಿರಿಶ್ತಾ ಬಳಸುವ ಪದ ‘ಹೂನ್’. 1674ರ ಪಟ್ಟಾಭಿಷೇಕದೊಡನೆ ಶಿವಾಜಿ ಹೊರಡಿಸಿದ ಚಿನ್ನದ ನಾಣ್ಯ ‘ಹೋನ್’. ತಮಿಳು, ಮಲಯಾಳಂಗಳ ‘ಪೊನ್’ನಿಂದ ಈ ರೂಪಗಳನ್ನು ವಿವರಿಸಲಾಗದು. ಇವು ಕನ್ನಡದಿಂದ, ಅದರಲ್ಲೂ ಪಲ್ಲಟ ಪೂರೈಸಿದ ಮೇಲಿನ ಕನ್ನಡದಿಂದ, ನೆಲದ ದಾರಿಯಲ್ಲಿ ಹೋದ ಪದಗಳು.

‘ಫನಂ’ನ ಕಥೆ ಇದಕ್ಕೆ ತದ್ವಿರುದ್ಧ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಅಲ್ಲಿನ ಚಿನ್ನದ ನಾಣ್ಯಗಳನ್ನು ಹೆಸರಿಸುತ್ತಾನೆ: ವರಹ, ಅದರ ಅರ್ಧವಾದ ‘ಪರ್ತಾಬ್’, ಪರ್ತಾಬಿನ ಹತ್ತನೆಯ ಒಂದು ಭಾಗವಾದ ‘ಫನಂ’. ಇವುಗಳಲ್ಲಿ ಫನಂ ಅತ್ಯಂತ ಉಪಯುಕ್ತವೆಂದೂ ಹೇಳುತ್ತಾನೆ. ಅವನು ನಿಂತದ್ದು ‘ಹಣ’ ಎನ್ನುವ ಕನ್ನಡದ ನೆಲದಲ್ಲಿ, ಬರೆದದ್ದು ಫಕಾರದಿಂದ. ಪರ್ಷಿಯನ್ ಲಿಪಿಯಲ್ಲಿ ಪಕಾರಕ್ಕೂ ಹಕಾರಕ್ಕೂ ಬೇರೆ ಬೇರೆ ಅಕ್ಷರಗಳಿವೆ. ಎರಡರಲ್ಲಿ ಯಾವುದನ್ನಾದರೂ ಆತ ಬರೆಯಬಹುದಿತ್ತು. ಫಕಾರ ಬಂದುದರಿಂದ ಪದ ಆತನಿಗೆ ಅರಬ್ಬಿ ವರ್ತಕರ ಬಾಯಿಂದ ಸಿದ್ಧರೂಪದಲ್ಲಿ ದೊರಕಿತ್ತೆಂದು ತಿಳಿಯಬೇಕಾಗುತ್ತದೆ. ಆತ ಮೊದಲು ಇಳಿದದ್ದು ಕಲ್ಲಿಕೋಟೆಯಲ್ಲಿ ಎಂಬುದು ಈ ತೀರ್ಮಾನಕ್ಕೆ ಪೋಷಕ. ಪದಾಂತ್ಯದ ಮಕಾರ ಇನ್ನೂ ಬಲವಾದ ಸಾಕ್ಷಿ: ಮಲಯಾಳಂ, ತಮಿಳುಗಳ ‘ಪಣಂ’ನಲ್ಲಿ ಅದಿದೆ, ಕನ್ನಡದ ‘ಹಣ’ದಲ್ಲಿಲ್ಲ. ಪೋರ್ಚುಗೀಸರ ‘ಫನಾವ್’ ಎಂಬ ರೂಪದ ಅನುನಾಸಿಕ ಅಂತ್ಯವೂ ಇಂಗ್ಲಿಷರ ‘ಫನಂ’ ಸಹ ಈ ಬಂದರಿನ ರೂಪದ ಮುಂದುವರಿಕೆಗಳು.

ಹೀಗೆ ಒಂದೇ ನಾಡಿನ ಎರಡು ಚಿನ್ನದ ನಾಣ್ಯಗಳ ಹೆಸರುಗಳು ಎರಡು ದಾರಿ ಹಿಡಿದವು. ದೊಡ್ಡ ನಾಣ್ಯದ ಹೆಸರು ಸೇನೆ, ಕಪ್ಪಕಾಣಿಕೆ, ಆಸ್ಥಾನಗಳ ಮೂಲಕ ನೆಲದ ಮೇಲೆ ಸಾಗಿ ಹಕಾರವನ್ನು ಹೊತ್ತುಕೊಂಡು ಹೋಯಿತು. ಚಿಕ್ಕ ನಾಣ್ಯದ ಹೆಸರು ಬಂದರಿನ ಅಂಗಡಿಸಾಲಿನ ಮೂಲಕ ಕಡಲಿಗಿಳಿದು ಫಕಾರವನ್ನು ಪಡೆಯಿತು. ವಿದೇಶೀಯನು ಯಾವ ನೆಲದಲ್ಲಿ ನಿಂತು ಬರೆದ ಎಂಬುದಕ್ಕಿಂತ, ಪದವನ್ನು ಮೊದಲು ಎಲ್ಲಿ ಕೇಳಿದ ಎಂಬುದೇ ರೂಪವನ್ನು ನಿರ್ಣಯಿಸುತ್ತದೆ.

5. ‘ಪ್ರತಾಪ’ ಪರ್ದಾವ್ ಆದದ್ದು

ಅಬ್ದುಲ್ ರಜಾಕನ ಪರ್ತಾಬ್, ಸಂಸ್ಕೃತದ ‘ಪ್ರತಾಪ’ದ ರೂಪ, ಅವನ ಲೆಕ್ಕದಲ್ಲಿ ಅದು ಅರ್ಧ ವರಹ. ಪೋರ್ಚುಗೀಸರ ಪರ್ದಾವ್ ಇದೇ ಪದದಿಂದ ಬಂದುದೆಂಬುದು ಯೂಲ್ ಮತ್ತು ಬರ್ನೆಲ್ಲರ ‘ಹಾಬ್ಸನ್–ಜಾಬ್ಸನ್’ ಕೋಶದಿಂದ (1886) ಈಚೆಗೆ ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. ಆದರೆ 1520ರ ಸುಮಾರಿಗೆ ವಿಜಯನಗರವನ್ನು ಕಂಡ ದೊಮಿಂಗೊ ಪಯೆಸ್ ಪರ್ದಾವನ್ನು ಸಾಮ್ರಾಜ್ಯದ ಮುಖ್ಯ ಚಿನ್ನದ ನಾಣ್ಯವೆಂದೇ ವರ್ಣಿಸುತ್ತಾನೆ: ಒಂದು ಬದಿಯಲ್ಲಿ ಎರಡು ಮೂರ್ತಿಗಳು, ಇನ್ನೊಂದು ಬದಿಯಲ್ಲಿ ಅರಸನ ಹೆಸರು, ಬೆಲೆ 360 ರೆಯಿಸ್. ಭಾಗದ ಹೆಸರು ಇಡಿಯ ನಾಣ್ಯಕ್ಕೆ ವಿಸ್ತರಿಸಿದೆ.

ವಿಸ್ತಾರ ಅಲ್ಲಿಗೇ ನಿಲ್ಲಲಿಲ್ಲ. ಗೋವದಲ್ಲಿ ಪರ್ದಾವ್ ಲೆಕ್ಕದ ಪದವಾಗಿ, 360 ರೆಯಿಸ್‌ಗಳ ‘ಚಿನ್ನದ ಪರ್ದಾವ್’ ಒಂದು ಕಡೆ, 300 ರೆಯಿಸ್‌ಗಳ ‘ಪರ್ದಾವ್ ಷೆರಫಿಂ’ ಇನ್ನೊಂದು ಕಡೆ ಎಂದು ಕವಲೊಡೆಯಿತು. ಎರಡನೆಯದು ಬೆಳ್ಳಿಯ ನಾಣ್ಯ. ‘ಷೆರಫಿಂ’ ಎಂಬುದಾದರೋ ‘ಅಶ್ರಫಿ’ ಎಂಬ ಚಿನ್ನದ ನಾಣ್ಯದ ಹೆಸರಿನಿಂದ ಬಂದದ್ದು. ಎರಡು ಚಿನ್ನದ ಹೆಸರುಗಳು ಕೂಡಿ ಒಂದು ಬೆಳ್ಳಿಯ ನಾಣ್ಯವನ್ನು ಹೆಸರಿಸಿದವು. ದ್ರವ್ಯ ಬದಲಾದರೂ ಹೆಸರು ಬದಲಾಗದಿರುವುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ‘ಚಿನ್ನದ’ ಎಂಬ ವಿಶೇಷಣವನ್ನು ಸೇರಿಸಬೇಕಾಗಿ ಬಂದುದೇ ‘ಪರ್ದಾವ್’ ಪದದೊಳಗೆ ಚಿನ್ನದ ಅರ್ಥ ಉಳಿದಿರಲಿಲ್ಲ ಎಂಬುದಕ್ಕೆ ಪುರಾವೆ.

6. ವರಾಹವಿಲ್ಲದ ವರಹ

ಇಕ್ಕೇರಿ ವರಹದ ಮುಮ್ಮುಖದಲ್ಲಿ ಕುಳಿತ ಶಿವಪಾರ್ವತಿಯರಿದ್ದಾರೆ. ಹಿಮ್ಮುಖದಲ್ಲಿ ನಾಗರಿ ಲಿಪಿಯ ‘ಶ್ರೀ ಸದಾಶಿವ’ ಎಂಬ ಬರಹವಿದೆ. ವರಾಹ ಎಲ್ಲಿಯೂ ಇಲ್ಲ. ಚಿತ್ರ ಹೋದ ಮೇಲೂ ಚಿತ್ರದಿಂದ ಹುಟ್ಟಿದ ಹೆಸರು ಉಳಿಯಿತು. ಅಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಲಕ್ಷಣೆಯಿಂದ ಬಂದ ಅರ್ಥ ರೂಢಿಯಾಗಿ, ಮುಖ್ಯಾರ್ಥದ ನೆನಪು ಅಳಿಯಿತು. ಪ್ರಾಣಿಯ ಹೆಸರಾದ ‘ವರಾಹ’ದಲ್ಲಿ ದೀರ್ಘ ಉಳಿದಿದೆ, ನಾಣ್ಯದ ‘ವರಹ’ದಲ್ಲಿ ಅದು ಹ್ರಸ್ವವಾಗಿದೆ. ಪಣ–ಹಣಗಳಂತೆ ಇಲ್ಲಿಯೂ ಅರ್ಥ ಬೇರ್ಪಟ್ಟದ್ದನ್ನು ರೂಪ ದೃಢಪಡಿಸಿದೆ.

‘ಇಕ್ಕೇರಿ’ ಎಂಬ ಪೂರ್ವಪದಕ್ಕೂ ಇದೇ ಗತಿ. 17ನೆಯ ಶತಮಾನದಲ್ಲಿ ರಾಜಧಾನಿ ಬಿದನೂರಿಗೆ ವರ್ಗವಾಯಿತು, ಟಂಕಸಾಲೆಯೂ ಅಲ್ಲಿಗೆ ಹೋಯಿತು. ನಾಣ್ಯ ಮಾತ್ರ ‘ಇಕ್ಕೇರಿ’ಯದಾಗಿಯೇ ಉಳಿಯಿತು. ವರಾಹದ ಚಿತ್ರವೂ ಇಲ್ಲದ, ಇಕ್ಕೇರಿಯಲ್ಲಿ ಅಚ್ಚೂ ಆಗದ ನಾಣ್ಯ ‘ಇಕ್ಕೇರಿ ವರಹ’ ಎಂಬ ಹೆಸರಿನಲ್ಲಿ ನಾಡೆಲ್ಲ ಓಡಾಡಿತು. ವ್ಯುತ್ಪತ್ತಿಯ ದೃಷ್ಟಿಯಿಂದ ಎರಡೂ ಪದಗಳು ಸುಳ್ಳು. ಬಳಕೆಯ ದೃಷ್ಟಿಯಿಂದ ಎರಡೂ ಸತ್ಯ. ಆ ಹೆಸರು ಸೂಚಿಸುತ್ತಿದ್ದುದು ಪ್ರಾಣಿಯನ್ನಲ್ಲ, ಊರನ್ನಲ್ಲ. ಒಂದು ನಿಶ್ಚಿತ ತೂಕವನ್ನು, ಒಂದು ನಂಬಿಕೆಯ ಮಟ್ಟವನ್ನು.

ಯುರೋಪಿಯನ್ನರ ‘ಪಗೋಡ’ವೂ ಚಿತ್ರಮೂಲದ ಹೆಸರೇ. ಪೋರ್ಚುಗೀಸ್ ‘ಪಗೋದೆ’ ದೇವತಾಮೂರ್ತಿ, ದೇವಾಲಯ, ದೇವತೆಯ ಚಿತ್ರವುಳ್ಳ ನಾಣ್ಯ ಎಂಬ ಮೂರು ಅರ್ಥಗಳಲ್ಲಿ ಬಳಕೆಯಾಯಿತು. ಆ ಪದದ ಮೂಲವನ್ನು ಕುರಿತು ‘ಭಗವತಿ’ ಎಂದೂ ಪರ್ಷಿಯನ್ನಿನ ‘ಬುತ್‌ಕದ’ ಎಂದೂ ವಾದಗಳಿವೆ. ಮೂಲ ಏನೇ ಇರಲಿ, ಹೆಸರಿಡುವ ರೀತಿ ಗಮನಾರ್ಹ: ಕನ್ನಡಿಗರು ನಿರ್ದಿಷ್ಟ ದೇವರ ಹೆಸರಿನಿಂದ ಕರೆದರು, ಹೊರಗಿನವರು ‘ದೇವರು’ ಎಂಬ ಸಾಮಾನ್ಯ ವರ್ಗದ ಹೆಸರಿನಿಂದ ಕರೆದರು. ಮುಂದೆ ಇಂಗ್ಲಿಷ್ ಕಂಪನಿ ಮದರಾಸಿನಲ್ಲಿ, ಡಚ್ಚರು ಕೋರಮಂಡಲದ ತಮ್ಮ ನೆಲೆಗಳಲ್ಲಿ ದೇವತಾಮೂರ್ತಿಗಳುಳ್ಳ ಪಗೋಡಗಳನ್ನು ತಾವೇ ಅಚ್ಚು ಹಾಕಿಸಿದರು. ಸುಲಭವಾಗಿ ಸಿರಿವಂತನಾಗುವುದಕ್ಕೆ ‘ಪಗೋಡದ ಮರವನ್ನು ಅಲುಗಿಸುವುದು’ ಎಂಬ ನುಡಿಗಟ್ಟು ಇಂಗ್ಲಿಷಿನಲ್ಲಿ ಹುಟ್ಟಿತು.

7. ಆಜ್ಞೆಯ ಹೆಸರು, ಬಳಕೆಯ ಹೆಸರು

1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಆತ ಹೊರಡಿಸಿದ ನಾಣ್ಯದ ಒಂದು ಬದಿಯಲ್ಲಿ ಶಿವಪಾರ್ವತಿಯರು ಮುಂದುವರಿದರು. ಇನ್ನೊಂದು ಬದಿಯಲ್ಲಿ ಆತನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಬಂದಿತು. ಜನ ಅದನ್ನು ‘ಬಹದ್ದೂರಿ ವರಹ’ ಎಂದರು. ಪೂರ್ವಪದ ಬದಲಾಯಿತು, ಪ್ರಧಾನಪದ ಬದಲಾಗಲಿಲ್ಲ.

ಟಿಪ್ಪು ಸುಲ್ತಾನ್ ಈ ವ್ಯವಸ್ಥೆಯನ್ನೇ ಬದಲಿಸಲು ಹೊರಟನು. ಪ್ರತಿಯೊಂದು ನಾಣ್ಯಕ್ಕೂ ಅರಸನ ಆಜ್ಞೆಯಿಂದ ಹೊಸ ಹೆಸರು ಬಂತು: ಚಿನ್ನದ ಮೊಹರು ‘ಅಹ್ಮದಿ’, ಅದರ ಅರ್ಧ ‘ಸಿದ್ದೀಕಿ’, ವರಹ ‘ಫಾರೂಕಿ’, ಹಣ ‘ರಾಹತಿ’, ಬೆಳ್ಳಿಯ ರೂಪಾಯಿ ‘ಇಮಾಮಿ’. ಹೆಸರುಗಳ ಹಿಂದೆ ಸ್ಪಷ್ಟ ಯೋಜನೆಯಿತ್ತು. ನಾಣ್ಯಗಳ ಅಚ್ಚೂ ಸೊಗಸಾಗಿತ್ತು. ಆದರೆ ಪೇಟೆಯಲ್ಲಿ, ಆ ಬಳಿಕದ ಲೆಕ್ಕಪತ್ರಗಳಲ್ಲಿ ನಿಂತದ್ದು ‘ಸುಲ್ತಾನಿ ವರಹ’, ‘ಸುಲ್ತಾನಿ ಹಣ’. ಫಾರೂಕಿ ಎಂಬುದು ಸ್ವತಂತ್ರ ನಾಮಪದ. ಅದಕ್ಕೆ ಹಳೆಯ ಲೆಕ್ಕದ ಸರಪಣಿಯಲ್ಲಿ ಸ್ಥಾನವಿರಲಿಲ್ಲ. ಸುಲ್ತಾನಿ ಎಂಬುದು ವಿಶೇಷಣ. ‘ವರಹ’ದ ಮುಂದೆ ಅದು ಸುಲಭವಾಗಿ ಕುಳಿತಿತು. ಭಾಷಿಕರು ಹೊಸ ವಸ್ತುವನ್ನು ತಮ್ಮ ಹಳೆಯ ವಿಶೇಷಣ–ವಿಶೇಷ್ಯ ಚೌಕಟ್ಟಿನೊಳಗೆ ತಂದುಕೊಂಡರು. ಪದ ಟಂಕಿಸುವ ಅಧಿಕಾರ ಟಂಕಸಾಲೆಯ ಒಡೆಯನಿಗಿದ್ದರೂ ಅದನ್ನು ಚಲಾವಣೆಗೆ ತರುವ ಅಧಿಕಾರ ಆಡುವವರಲ್ಲಿಯೇ ಉಳಿಯಿತು.

ಇದರ ಇನ್ನೊಂದು ತುದಿಯಲ್ಲಿ ನಾಣ್ಯವೇ ಇಲ್ಲದ ಹೆಸರಿದೆ. ಮೈಸೂರಿನ ಲೆಕ್ಕಗಳಲ್ಲಿ ಹತ್ತು ಕಂಠೀರಾಯಿ ಹಣಗಳಿಗೆ ಒಂದು ‘ಕಂಠೀರಾಯಿ ವರಹ’. ಹಣವು ಕೈಗೆ ಸಿಗುವ ನಾಣ್ಯ. ಆ ವರಹವಾದರೋ ಕಡತದಲ್ಲಿ ಮಾತ್ರ ಇರುವ ಮಾನ. 1799ರ ಒಪ್ಪಂದದಂತೆ ಮೈಸೂರು ಸಂಸ್ಥಾನ ಕಂಪನಿಗೆ ವರ್ಷಕ್ಕೆ 7 ಲಕ್ಷ ‘ಸ್ಟಾರ್ ಪಗೋಡ’ಗಳನ್ನು ಕೊಡಬೇಕಾಗಿತ್ತು. 1818ರಲ್ಲಿ ಮದರಾಸಿನಲ್ಲಿ ಪಗೋಡದ ಲೆಕ್ಕ ನಿಂತು ರೂಪಾಯಿ ಬಂತು. ಪಗೋಡಕ್ಕೆ ಮೂರೂವರೆ ರೂಪಾಯಿಯಂತೆ ಆ ಮೊತ್ತ 24.5 ಲಕ್ಷ ರೂಪಾಯಿಯಾಯಿತು. ನಂತರದ ದಾಖಲೆಗಳಲ್ಲಿ ಕಾಣುವ ಈ ಅಪೂರ್ಣಾಂಕದ ವಿಚಿತ್ರ ಮೊತ್ತ, ಮರೆಯಾದ ನಾಣ್ಯವೊಂದರ ನೆರಳು.

8. ತೂಗುವುದು, ಎಣಿಸುವುದು, ತೊಡುವುದು

ಯುರೋಪಿನ ಕಲೆ, ಸಾಹಿತ್ಯಗಳಲ್ಲಿ ಚಿನ್ನದ ನಾಣ್ಯ ಪದೇ ಪದೇ ಬರುವುದು ಅದರ ತೂಕ ಮತ್ತು ಅಪ್ಪಟತನದ ಪ್ರಶ್ನೆಯಾಗಿ. ದಾಂತೆಯ ‘ಇನ್ಫೆರ್ನೊ’ದ 30ನೆಯ ಸರ್ಗದಲ್ಲಿ ಮಾಯೆಸ್ತ್ರೊ ಆದಾಮೊ ನರಕದಲ್ಲಿರುವುದು ಫ್ಲಾರೆನ್ಸಿನ ಫಿಯೊರಿನೊಗೆ ಮೂರು ಕ್ಯಾರೆಟ್ ಕಲಬೆರಕೆ ಮಾಡಿದ ಅಪರಾಧಕ್ಕಾಗಿ. 1514ರಲ್ಲಿ ಕ್ವೆಂಟಿನ್ ಮಾಸಿಸ್ ಚಿತ್ರಿಸಿದ, ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ಲೇವಾದೇವಿಗಾರ ತಕ್ಕಡಿಯಲ್ಲಿ ನಾಣ್ಯ ತೂಗುತ್ತಾನೆ. ಪಕ್ಕದಲ್ಲಿರುವ ಹೆಂಡತಿಯ ದೃಷ್ಟಿ ಪ್ರಾರ್ಥನೆಯ ಪುಸ್ತಕದಿಂದ ಜಾರಿ ತಕ್ಕಡಿಯ ಮೇಲಿದೆ. ಶೇಕ್ಸ್‌ಪಿಯರನ ‘ವೆನಿಸಿನ ವರ್ತಕ’ ನಾಟಕದಲ್ಲಿ 3,000 ಡುಕಾಟುಗಳ ಸಾಲಕ್ಕೆ ಪ್ರತಿಯಾಗಿ ತೂಗಬೇಕಾಗಿ ಬಂದುದು ಮಾಂಸವನ್ನು.

ಕನ್ನಡದಲ್ಲಿ ಈ ಅನುಭವ ನಿಘಂಟಿನೊಳಗೇ ಸೇರಿಹೋಗಿದೆ. ‘ಒರೆಗೆ ಹಚ್ಚು’, ‘ಪುಟಕ್ಕಿಟ್ಟ ಚಿನ್ನ’ ಎಂಬ ನುಡಿಗಟ್ಟುಗಳು, ಪ್ರಾಮಾಣಿಕತೆಯ ಅರ್ಥ ಪಡೆದ ‘ನಾಣ್ಯ’ ಎಂಬ ಪದ, ಪತ್ರಿಕೆಗಳಲ್ಲಿ ಇಂದಿಗೂ ಬರುವ ‘ಚಿನಿವಾರ ಪೇಟೆ’ ಎಲ್ಲವೂ ಚಿನ್ನ ಪರೀಕ್ಷಿಸುವವರ ಕಟ್ಟೆಯಿಂದ ಬಂದವು. ನಾಣ್ಯ ಅಚ್ಚು ಹಾಕುವ ‘ಕಮ್ಮಟ’ ಇಂದು ಕಾವ್ಯ, ಕಥೆಗಳ ತರಬೇತಿಯ ಶಿಬಿರವಾಗಿದೆ.

ವೆನಿಸಿನ ಡುಕಾಟಿನ ತೂಕ ಸುಮಾರು 3.5 ಗ್ರಾಂ, ವರಹಕ್ಕೆ ಬಲು ಸಮೀಪ. ಆದ್ದರಿಂದ ಅದು ಪಶ್ಚಿಮ ಕರಾವಳಿಯ ವ್ಯಾಪಾರದಲ್ಲಿ ಸಲೀಸಾಗಿ ಓಡಿತು, ಮತ್ತು ಇಲ್ಲಿಯೂ ಚಿತ್ರಮೂಲದ ಹೆಸರನ್ನೇ ಪಡೆಯಿತು. ಅದರ ಮೇಲಿನ ಮನುಷ್ಯಾಕೃತಿಗಳನ್ನು ಬೊಂಬೆಗಳೆಂದು ಕಂಡ ಪಶ್ಚಿಮ ಭಾರತದ ಜನ ಅದನ್ನು ‘ಪುತಳಿ’ ಎಂದರು. ನಾಣ್ಯ ಚಲಾವಣೆಯಿಂದ ಹೋಯಿತು. ಪುತಳಿ ಸರ ಕೊರಳಲ್ಲಿ ಉಳಿಯಿತು. ಬ್ರಿಟಿಷ್ ಸವರನ್ ನಾಣ್ಯದ್ದೂ ಇದೇ ದಾರಿ. ‘ಪೌಂಡ್’ ಎಂಬುದರಿಂದ ಬಂದ ‘ಪವನ್’ ಕರಾವಳಿಯ ಚಿನ್ನದಂಗಡಿಗಳಲ್ಲಿ ಇಂದು ನಾಣ್ಯವಲ್ಲ, ಎಂಟು ಗ್ರಾಮಿನ ತೂಕ. ಗದ್ಯಾಣವು ತೂಕದಿಂದ ನಾಣ್ಯವಾಯಿತು. ಪವನ್ ನಾಣ್ಯದಿಂದ ತೂಕವಾಯಿತು. ಮಾನ ಮತ್ತು ವಸ್ತುವಿನ ನಡುವಿನ ಅರ್ಥಸಂಚಾರ ಎರಡು ದಿಕ್ಕಿನದೂ ಹೌದು.

9. ದಾಖಲೆ ಓದುವವರಿಗೆ ಇದರಿಂದ ಏನು?

ಮೇಲಿನ ವಿವೇಚನೆಯಿಂದ ಸಂಶೋಧಕರಿಗೆ ಮೂರು ಎಚ್ಚರಗಳು ಒದಗುತ್ತವೆ.

ಒಂದು, ನಾಣ್ಯದ ಹೆಸರನ್ನು ಅನುವಾದಿಸಬಾರದು. ‘ಪಗೋಡ’ ಎಂದಿರುವಲ್ಲಿ ‘ವರಹ’ ಎಂದೋ, ‘ಹೊನ್ನು’ ಎಂದಿರುವಲ್ಲಿ ‘ಚಿನ್ನದ ನಾಣ್ಯ’ ಎಂದೋ ಬರೆದೊಡನೆ ಯಾವ ಭಾಷೆಯ, ಯಾವ ಲೆಕ್ಕದ ದಾಖಲೆ ಎಂಬ ಮಾಹಿತಿ ಅಳಿಸಿಹೋಗುತ್ತದೆ. ‘ಹೊನ್ನು’ ಕಾಲದೇಶಗಳಿಗೆ ತಕ್ಕಂತೆ ಪೂರ್ಣ ವರಹವನ್ನೂ ಅರ್ಧ ವರಹವನ್ನೂ ಸೂಚಿಸಿದೆ. ‘ಪ್ರತಾಪ’ ಅರ್ಧವಾಗಿದ್ದು ಪರ್ದಾವ್ ಎಂಬ ರೂಪದಲ್ಲಿ ಪೂರ್ಣವಾಗಿದೆ.

ಎರಡು, ಹೆಸರಿನ ಬೆಲೆಯನ್ನು ವ್ಯುತ್ಪತ್ತಿಯಿಂದಲ್ಲ, ಅದು ನಿಂತಿರುವ ಲೆಕ್ಕದ ಸರಪಣಿಯಿಂದ ನಿರ್ಣಯಿಸಬೇಕು. ಅದೇ ದಾಖಲೆಯಲ್ಲಿ ಹಣ, ಹಾಗ, ವೀಸಗಳು ಬಂದಿದ್ದರೆ, ಅವುಗಳ ಮೊತ್ತ ಎಲ್ಲಿ ಮೇಲಿನ ಮಾನಕ್ಕೆ ಏರುತ್ತದೆ ಎಂಬುದನ್ನು ಗಮನಿಸಿದರೆ ಮೇಲಿನ ಮಾನದ ಗಾತ್ರ ತಾನಾಗಿ ತಿಳಿಯುತ್ತದೆ. 1904ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕದ 8ನೆಯ ಸಂಪುಟ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಒಂದೆಡೆ ತಂದಿದೆ. ಇಂತಹ ಸರಪಣಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಲು ಅದು ಅನುಕೂಲವಾದ ಆಕರ.

ಮೂರು, ಚಾರಿತ್ರಿಕ ನಿಘಂಟಿನ ನಮೂದಿನಲ್ಲಿ ನಾಣ್ಯದ ಹೆಸರಿಗೆ ‘ಒಂದು ಬಗೆಯ ಚಿನ್ನದ ನಾಣ್ಯ’ ಎಂಬ ವಿವರಣೆ ಸಾಲದು. ಪ್ರದೇಶ, ಕಾಲ, ಮೇಲಿನ ಹಾಗೂ ಕೆಳಗಿನ ಮಾನಗಳೊಡನೆ ಅದರ ಪ್ರಮಾಣ, ಪರಭಾಷೆಗಳಲ್ಲಿ ಅದು ಪಡೆದ ರೂಪ ಇಷ್ಟೂ ಜೊತೆಗಿರಬೇಕು. ‘ಹೂನ್’, ‘ಹೋನ್’ ಎಂಬ ರೂಪಗಳು ಕನ್ನಡ ನಿಘಂಟಿಗೆ ಹೊರಗಿನವಲ್ಲ. ಅವು ಕನ್ನಡ ಪದವೊಂದರ ಉಚ್ಚಾರಣೆಯನ್ನು ಅನ್ಯರು ನಮಗಾಗಿ ಕಾದಿಟ್ಟ ಪ್ರತಿಗಳು.

ಗದ್ಯಾಣ ಶಾಸನದಲ್ಲಿ, ವರಹ ಹಳೆಯ ಕಡತಗಳಲ್ಲಿ, ಪುತಳಿ ಕೊರಳ ಸರದಲ್ಲಿ ಉಳಿದಿವೆ. ಈ ಸರಪಣಿಯಲ್ಲಿ ಎಲ್ಲಕ್ಕಿಂತ ಚಿಕ್ಕ ಚಿನ್ನದ ನಾಣ್ಯಗಳಲ್ಲಿ ಒಂದಾಗಿದ್ದ ‘ಹಣ’ ಮಾತ್ರ ಚಿನ್ನವನ್ನೂ ನಾಣ್ಯವನ್ನೂ ದಾಟಿ, ಕಾಗದದ ನೋಟಿಗೂ ಬ್ಯಾಂಕಿನ ಖಾತೆಗೂ ಸಲ್ಲುವ ಸಾಮಾನ್ಯ ಪದವಾಯಿತು. ಅತ್ಯಂತ ಹೆಚ್ಚು ಕೈಗಳಲ್ಲಿ ಓಡಾಡಿದ ನಾಣ್ಯದ ಹೆಸರೇ ಅತ್ಯಂತ ದೀರ್ಘಕಾಲ ಬಾಳಿತು.